ಗೋಡೆಗೊಂದು ಪೀರಿಯಾಡಿಕ್ ಟೇಬಲ್: ಪ್ಲೈವುಡ್, ಸೀರಿಯಲ್ ಸೆಟ್ಟು, ಗುಜರಿ ಸಾಮಾನು

118 ಧಾತುಗಳನ್ನು ಗುಣದ ಪ್ರಕಾರ ಜೋಡಿಸಿದ ಪೀರಿಯಾಡಿಕ್ ಟೇಬಲ್ಲನ್ನು (ಆವರ್ತ ಕೋಷ್ಟಕ) ಮರದಲ್ಲಿ ಮಾಡಬೇಕು ಅಂದುಕೊಂಡವರು ಮೊದಲು ಕೇಳುವುದು ಅಳತೆ, ಹಾಗಾಗಿ ಅದರಿಂದಲೇ ಶುರು. ಅಗಲ 924 ಮಿಲಿಮೀಟರ್, ಎತ್ತರ 516. ಒಂದೊಂದು ಮನೆಯ ಒಳಅಳತೆ 45 ಮಿ.ಮೀ. ಚೌಕ, ಮಧ್ಯದ ಪಟ್ಟಿಗಳು 6 ಮಿ.ಮೀ. ಪ್ಲೈವುಡ್. ಅಡ್ಡಕ್ಕೆ 18 ಮನೆ, ಉದ್ದಕ್ಕೆ 10 ಸಾಲು. ಮನೆಯ ಆಳ 40 ಮಿ.ಮೀ., ಅದರ ಹಿಂದೆ ವೈರು ಎಳೆಯಲು ಇನ್ನೊಂದು 30. ಮುಂದೆ 3 ಮಿ.ಮೀ. ಅಕ್ರಿಲಿಕ್ ಶೀಟು. ಪ್ರತಿ ಮನೆಯಲ್ಲೂ ಒಂದು ಧಾತುವಿನ ಸ್ಯಾಂಪಲ್, ಹಿಂದಿನಿಂದ ಬಣ್ಣ ಬದಲಿಸುವ ಒಂದು ದೀಪ. ನಮ್ಮೂರ ಹೈಸ್ಕೂಲಿನ ಲ್ಯಾಬ್ ಗೋಡೆಗೆ ಅಂತ ಮಾಡಿದ್ದು. ಅಲ್ಲಿದ್ದ ಹಳೇ ಬಟ್ಟೆ ಚಾರ್ಟು 103ಕ್ಕೇ ನಿಂತಿತ್ತು, ಬಣ್ಣವೂ ಮಾಸಿತ್ತು.

ಪಟ್ಟಿ ಸೀಳಿಸಲು ಹೋದಾಗ ಬಡಗಿ ಆಚಾರ್ರು ನನ್ನ ನಕ್ಷೆಯನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು: "ಸಾರ್, ನಿಮಗೆ ಬೇಕಿರೋದು 118 ಮನೆ ತಾನೆ? ಅಡ್ಡ ಹನ್ನೆರಡು, ಉದ್ದ ಹತ್ತು ಹಾಕಿದ್ರೆ 120 ಆಗುತ್ತೆ. ಎರಡಡಿ ಅಗಲದಲ್ಲಿ ಮುಗೀತು. ಇಷ್ಟೊಂದು ಮನೆ ಖಾಲಿ ಬಿಟ್ಟು ಮೂರಡಿ ಪ್ಲೈವುಡ್ ಯಾಕೆ ಹಾಳು ಮಾಡ್ತೀರಿ?"

ಇದಕ್ಕಿಂತ ಒಳ್ಳೆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. 18 ಗುಣಿಸು 10 ಅಂದರೆ 180 ಮನೆ. ಅದರಲ್ಲಿ 62 ಖಾಲಿ. ಮೂರನೇ ಒಂದು ಭಾಗ ಮರ ಸುಮ್ನೆ ಹೋಗುತ್ತಿದೆ ಅನ್ನಿಸುವುದು ಸಹಜ. ಅಲ್ಲೇ ಇದ್ದ ತುಂಡು ಪ್ಲೈವುಡ್ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ತೋರಿಸಿದೆ. ಧಾತುಗಳನ್ನು ಪರಮಾಣು ಸಂಖ್ಯೆಯ ಪ್ರಕಾರ ಒಂದರಿಂದ 118ರವರೆಗೆ ಸಾಲಿಗೆ 12ರಂತೆ ಬರೆಯುತ್ತಾ ಹೋದರೆ ಲೀಥಿಯಂ (3) ಮೂರನೇ ಕಂಬಕ್ಕೆ ಬರುತ್ತದೆ, ಸೋಡಿಯಂ (11) ಹನ್ನೊಂದನೇ ಕಂಬಕ್ಕೆ, ಪೊಟ್ಯಾಸಿಯಂ (19) ಏಳಕ್ಕೆ, ರುಬಿಡಿಯಂ (37) ಒಂದಕ್ಕೆ. ಇವು ನಾಲ್ಕೂ ಮೆತ್ತಗಿನ, ಚಾಕುವಿನಲ್ಲಿ ಕೊಯ್ಯಬಹುದಾದ ಲೋಹಗಳು, ನೀರು ಕಂಡರೆ ಕೆರಳುತ್ತವೆ, ನಾಲ್ಕಕ್ಕೂ ಹೊರಗಿನ ಕವಚದಲ್ಲಿ ಒಂದೇ ಎಲೆಕ್ಟ್ರಾನ್. ಒಂದೇ ಮನೆತನದವರನ್ನು ನಾಲ್ಕು ದಿಕ್ಕಿಗೆ ಚೆಲ್ಲಿದ ಹಾಗಾಯಿತು. ಈ ನಾಲ್ವರೂ ಒಬ್ಬರ ಕೆಳಗೊಬ್ಬರು ಬರಬೇಕು ಅಂದರೆ ಸಾಲುಗಳ ಉದ್ದ ನಾವು ಹೇಳಿದ ಹಾಗೆ ಇರುವುದಿಲ್ಲ. ಮೊದಲ ಸಾಲಿಗೆ 2, ಆಮೇಲೆ 8, 8, 18, 18, 32, 32. ಖಾಲಿ ಮನೆ ಬರುವುದು ಇದರಿಂದ. ಆಚಾರ್ರು "ಹಂಗಾದ್ರೆ ಸರಿ" ಅಂದು ಮೆಷಿನ್ ಆನ್ ಮಾಡಿದರು.

ಪಟ್ಟಿಗಳ ಕೆಲಸದಲ್ಲಿ ಹೇಳಬೇಕಾದ್ದು ಒಂದೇ. 6 ಮಿ.ಮೀ. ಅಂತ ಮಾರುವ ಪ್ಲೈವುಡ್ ಸಾಮಾನ್ಯವಾಗಿ 6 ಇರುವುದಿಲ್ಲ, ವರ್ನಿಯರ್ ಹಿಡಿದು ನೋಡಿ. ಅಡ್ಡ ಪಟ್ಟಿ, ನಿಂತ ಪಟ್ಟಿ ಎರಡಕ್ಕೂ 20 ಮಿ.ಮೀ. ಆಳದ ಕಚ್ಚು ಹಾಕಿ ಒಂದರೊಳಗೊಂದು ಕೂರಿಸಬೇಕು. ಒಳಗಿನ ನಿಂತ ಪಟ್ಟಿ 17, ಅಡ್ಡ ಪಟ್ಟಿ 9, ಒಟ್ಟು 153 ಕಡೆ ಕಚ್ಚು ಕೂಡುತ್ತದೆ. ಒಂದೊಂದು ಕಚ್ಚು ಕಾಲು ಮಿಲಿಮೀಟರ್ ದೊಡ್ಡದಾದರೂ ಇಡೀ ಚೌಕಟ್ಟು ಅಲುಗಾಡುತ್ತದೆ. ನಿಮ್ಮ ಕೈಲಿರುವ ಹಾಳೆಯ ನಿಜವಾದ ದಪ್ಪ ನೋಡಿ ಅದಕ್ಕೇ ಕಚ್ಚು ಹಾಕಿಸಿ. ಮೇಲುಗಡೆ ಮೂರರಿಂದ ಹನ್ನೆರಡನೇ ಕಂಬದವರೆಗೆ ಮೊದಲ ಮೂರು ಸಾಲಿನಲ್ಲಿ ಏನೂ ಬರುವುದಿಲ್ಲವಲ್ಲ, ಅಲ್ಲಿನ ಪಟ್ಟಿಗಳನ್ನು ತೆಗೆಸಿ ಅರ್ಧ ಮೀಟರ್ ಉದ್ದದ ಒಂದೇ ಕಿಟಕಿ ಮಾಡಿಸಿದೆ. ಬಟನ್ನುಗಳು, ಹೆಸರಿನ ಫಲಕ ಅಲ್ಲಿಗೆ.

ಮರಕ್ಕೆ ಕೈ ಹಾಕುವ ಮೊದಲೇ ತೀರ್ಮಾನ ಆಗಬೇಕಾದ ವಿಷಯ ಇನ್ನೊಂದಿತ್ತು. ಮೂರನೇ ಕಂಬದಲ್ಲಿ ಇಟ್ರಿಯಂ ಕೆಳಗೆ ಯಾರು? ಕೆಲವು ಚಾರ್ಟಿನಲ್ಲಿ ಲ್ಯಾಂಥನಂ (57) ಇರುತ್ತದೆ, ಕೆಲವದರಲ್ಲಿ ಲುಟೇಷಿಯಂ (71). ಇನ್ನು ಕೆಲವು ಆ ಮನೆಯನ್ನು ಖಾಲಿ ಬಿಟ್ಟು, ಟೇಬಲ್ಲಿನ ಕೆಳಗೆ ಬೇರೆಯಾಗಿ ಇಡುವ ಸಾಲಿನಲ್ಲಿ 15 ಧಾತು ತುಂಬುತ್ತವೆ. ಕಾಗದದ ಮೇಲೆ ಹೇಗೋ ತೇಲಿಸಿಬಿಡಬಹುದು. ಮರದಲ್ಲಿ ಆಗುವುದಿಲ್ಲ, ಎಷ್ಟು ಮನೆ, ಎಲ್ಲಿ ತೂತು ಅಂತ ಖಚಿತವಾಗಿ ಹೇಳಲೇಬೇಕು. ನಾನು ಲುಟೇಷಿಯಂ ಹಾಕಿದೆ. 2021ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್‌ನ ಒಂದು ತಾತ್ಕಾಲಿಕ ವರದಿ ಇದರ ಕಡೆಗೇ ವಾಲಿದೆ, ಆದರೆ ನನ್ನ ಕಾರಣ ಅದಕ್ಕಿಂತ ಸರಳ. ಎಲೆಕ್ಟ್ರಾನ್‌ಗಳ ಕವಚಗಳೊಳಗೆ ಎಸ್, ಪಿ, ಡಿ, ಎಫ್ ಅಂತ ಉಪಕವಚಗಳಿವೆ, ಎಫ್ ಉಪಕವಚದಲ್ಲಿ 14 ಎಲೆಕ್ಟ್ರಾನ್ ಹಿಡಿಯುತ್ತವೆ. ಅಂದಮೇಲೆ ಕೆಳಗಿನ ಎರಡು ಸಾಲಿಗೆ 14 ಮನೆ ಇರಬೇಕು, 15 ಅಲ್ಲ. ಎಸ್‌ಗೆ 2 ಕಂಬ, ಪಿಗೆ 6, ಡಿಗೆ 10, ಒಟ್ಟು 18. ಎಫ್‌ನ 14ನ್ನೂ ಮಧ್ಯೆ ತೂರಿಸಿದರೆ 32 ಕಂಬ. ನಿಜ ಹೇಳಬೇಕೆಂದರೆ ಟೇಬಲ್ಲಿನ ಪೂರ್ತಿ ಆಕಾರ ಆ 32 ಕಂಬದ್ದೇ. ಆದರೆ ಹಾಗೆ ಮಾಡಿದರೆ ಅಗಲ 1638 ಮಿ.ಮೀ. ಆಗುತ್ತದೆ, ಐದಡಿ ದಾಟುತ್ತದೆ. ಲ್ಯಾಬಿನಲ್ಲಿ ಎರಡು ಕಿಟಕಿ ಮಧ್ಯೆ ಅಷ್ಟು ಗೋಡೆ ಇಲ್ಲ. ಎಲ್ಲ ಪುಸ್ತಕದಲ್ಲೂ ಆ ಎರಡು ಸಾಲು ಕೆಳಗೆ ಇಳಿದಿರುವುದೂ ಜಾಗ ಉಳಿಸುವುದಕ್ಕೇ, ಅದರಲ್ಲಿ ಬೇರೆ ವಿಜ್ಞಾನ ಏನೂ ಇಲ್ಲ. ಮಕ್ಕಳಿಗೆ ಇದನ್ನು ಹೇಳದೇ ಬಿಟ್ಟರೆ ಅವು ಯಾವುದೋ ಬೇರೆ ಜಾತಿಯವು ಅಂದುಕೊಳ್ಳುತ್ತಾರೆ.

ಈಗ ದೀಪ. ಬಿಡಿ ಎಲ್‌ಇಡಿ ಸ್ಟ್ರಿಪ್ ಹಾಕಬಹುದಿತ್ತು, ಆದರೆ ಮೀಟರಿಗೆ 30 ದೀಪದ ಸ್ಟ್ರಿಪ್‌ನಲ್ಲಿ 33 ಮಿ.ಮೀ.ಗೊಂದು ದೀಪ ಬರುತ್ತದೆ, ನಮ್ಮ ಮನೆಗಳ ಅಂತರ 51. ಪ್ರತಿ ದೀಪ ಕತ್ತರಿಸಿ ಮೂರು ಮೂರು ವೈರ್ ಬೆಸುಗೆ ಹಾಕುತ್ತಾ ಕೂರಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಬ್ಬದ ಅಲಂಕಾರಕ್ಕೆ ಮಾರುವ ಪಿಕ್ಸೆಲ್ ಸೀರಿಯಲ್ ಸೆಟ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಡಬ್ಲ್ಯೂಎಸ್2811 ಚಿಪ್ಪಿನದು, 5 ವೋಲ್ಟಿನದೇ ಕೇಳಿ ತನ್ನಿ, 12 ವೋಲ್ಟಿನದೂ ಬರುತ್ತದೆ. ಒಂದು ಸರಕ್ಕೆ 50 ದೀಪ, 12 ಮಿ.ಮೀ. ತೂತಿನಲ್ಲಿ ಒತ್ತಿದರೆ ಕಚ್ಚಿಕೊಳ್ಳುತ್ತದೆ. ದೀಪದಿಂದ ದೀಪಕ್ಕೆ ವೈರು ಸಾಕಷ್ಟು ಸಡಿಲ ಇರುವುದರಿಂದ ಪಕ್ಕದ ಮನೆಗೆ ಆರಾಮಾಗಿ ಹೋಗುತ್ತದೆ. ಮೂರು ಸರ ತಂದರೆ 150, ನಮಗೆ 118 ಸಾಕು.

ಈ ದೀಪಗಳು ಸಾಲಾಗಿ ಒಂದರ ಹಿಂದೊಂದು ಮಾತು ದಾಟಿಸುವಂಥವು. ಮೊದಲನೇ ದೀಪ ತನ್ನ ಬಣ್ಣ ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸುತ್ತದೆ. ಹಾಗಾಗಿ ಯಾವ ಕ್ರಮದಲ್ಲಿ ವೈರ್ ಹೋಗಬೇಕು ಅನ್ನುವುದು ಮುಖ್ಯ. ವೈರ್ ಉಳಿಸಬೇಕಾದರೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹಾವಿನ ಹಾಗೆ ಎಳೆದು, ಯಾವ ದೀಪ ಯಾವ ಧಾತು ಅಂತ ಪ್ರೋಗ್ರಾಮಿನಲ್ಲಿ ಪಟ್ಟಿ ಬರೆಯಬೇಕು. ನಾನು ಹಾಗೆ ಮಾಡಲಿಲ್ಲ. ಪರಮಾಣು ಸಂಖ್ಯೆಯ ಕ್ರಮದಲ್ಲೇ ಎಳೆದೆ, ಜಲಜನಕದಿಂದ ಹೀಲಿಯಂಗೆ, ಹೀಲಿಯಂನಿಂದ ಲೀಥಿಯಂಗೆ, ಹೀಗೆ ಒಗನೆಸ್ಸಾನ್ (118) ತನಕ. ವೈರ್ ಸ್ವಲ್ಪ ಜಾಸ್ತಿ ಬೇಕು, ಆದರೆ ಏಳನೇ ದೀಪ ಅಂದರೆ ಸಾರಜನಕ, ಮುಗೀತು.

ಹೀಗೆ ಎಳೆಯುವಾಗ ಸರದ ವೈರು ಎಲ್ಲೆಲ್ಲಿ ಸಾಲುವುದಿಲ್ಲವೋ ಅಲ್ಲಿ ಕತ್ತರಿಸಿ ಉದ್ದನೆ ತುಂಡು ಸೇರಿಸಬೇಕು. ಅಂಥ ಜಾಗ ಹದಿಮೂರು ಬರುತ್ತವೆ: 1, 2, 4, 10, 12, 18, 36, 54, 56, 70, 86, 88, 102. ಇಷ್ಟರ ನಂತರ ವೈರು ನೆಗೆಯಬೇಕು. ಈ ಸಂಖ್ಯೆಗಳನ್ನು ಸುಮ್ನೆ ಒಮ್ಮೆ ನೋಡಿ. 2, 10, 18, 36, 54, 86 ಎಲ್ಲವೂ ಜಡ ಅನಿಲಗಳು, ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್. ಅಲ್ಲಿ ಸಾಲು ಮುಗಿದು ವೈರು 18ನೇ ಕಂಬದಿಂದ ಒಂದನೇ ಕಂಬಕ್ಕೆ ವಾಪಸ್ ಬರಬೇಕು, 867 ಮಿ.ಮೀ. ಓಟ. 4 ಮತ್ತು 12ರಲ್ಲಿ ಎಸ್ ತುಂಬಿ ಮುಂದಿನದು ಪಿಗೆ ಹೋಗುತ್ತದೆ, ವೈರು ಎರಡನೇ ಕಂಬದಿಂದ ಹದಿಮೂರಕ್ಕೆ ನೆಗೆಯುತ್ತದೆ. 56 ಮತ್ತು 88ರಲ್ಲಿ ಎಸ್ ತುಂಬಿ ಎಫ್ ಶುರು, ವೈರು ಕೆಳಗಿನ ಸಾಲಿಗೆ ಇಳಿಯುತ್ತದೆ. 70 ಮತ್ತು 102ರಲ್ಲಿ ಎಫ್‌ನ 14 ಮುಗಿದು ಮತ್ತೆ ಮೇಲಕ್ಕೆ. ಹಾಗೇ ನೆಗೆತ ಇಲ್ಲದ ಜಾಗವನ್ನೂ ನೋಡಿ. 19ರಿಂದ 36ರವರೆಗೆ, ಪೊಟ್ಯಾಸಿಯಂನಿಂದ ಕ್ರಿಪ್ಟಾನ್ ತನಕ, ವೈರು ಎಲ್ಲೂ ಕತ್ತರಿಸದೆ ನೆಟ್ಟಗೆ ಹೋಗುತ್ತದೆ.

ಕೋಷ್ಟಕದ ವ್ಯವಸ್ಥೆ ಏನು ಅಂತ ಮಕ್ಕಳಿಗೆ ವಿವರಿಸಬೇಕು ಅಂದರೆ ನಾನು ಈಗ ಹಲಗೆಯನ್ನು ತಿರುಗಿಸಿ ಹಿಂಭಾಗ ತೋರಿಸುತ್ತೇನೆ. ಮುಂದೆ ಕಾಣುವುದು ಒಂದು ಪಟ್ಟಿ. ಹಿಂದೆ ಕಾಣುವ ಈ ಹದಿಮೂರು ಬೆಸುಗೆಯೇ ಅದರ ನಿಯಮ.

ಇದರಲ್ಲಿ 1ರ ನಂತರದ ನೆಗೆತದ ಕಥೆ ಬೇರೆ. ಹೀಲಿಯಂನಲ್ಲಿ ಇರುವುದು ಎರಡು ಎಲೆಕ್ಟ್ರಾನ್, ಎರಡೂ ಎಸ್. ಎಲೆಕ್ಟ್ರಾನ್ ಲೆಕ್ಕ ಮಾತ್ರ ಹಿಡಿದರೆ ಅದು ಬೆರಿಲಿಯಂ ತಲೆ ಮೇಲೆ, ಎರಡನೇ ಕಂಬದಲ್ಲಿ ಕೂರಬೇಕಿತ್ತು, ಆಗ ನೆಗೆತವೇ ಬೇಡ. ಆದರೆ ಮೊದಲ ಕವಚಕ್ಕೆ ಹಿಡಿಯುವುದೇ ಎರಡು, ಅದು ತುಂಬಿಬಿಟ್ಟಿದೆ, ಹೀಲಿಯಂ ಯಾರ ತಂಟೆಗೂ ಹೋಗುವುದಿಲ್ಲ. ನಡವಳಿಕೆ ನೋಡಿ ನಿಯಾನ್ ಮೇಲೆ ಇಟ್ಟಿದ್ದಾರೆ. ನಾನು ಎಸ್‌ಗೆ ಕೆಂಪು, ಪಿಗೆ ಹಳದಿ, ಡಿಗೆ ನೀಲಿ, ಎಫ್‌ಗೆ ಹಸಿರು ಕೊಟ್ಟಿದ್ದೇನೆ. ಹಳದಿ ದೀಪಗಳ ಕೊನೇ ಕಂಬದ ತುದಿಯಲ್ಲಿ ಒಂದೇ ಒಂದು ಕೆಂಪು ಉರಿಯುತ್ತದೆ. ಹಾಗೇ ಬಿಟ್ಟಿದ್ದೇನೆ, ಯಾಕೆ ಅಂತ ಯಾರಾದರೂ ಕೇಳಲಿ ಅಂತ.

ಕರೆಂಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ದೀಪ ಪೂರ್ತಿ ಬಿಳಿ ಉರಿದರೆ ಹೆಚ್ಚೆಂದರೆ 60 ಮಿಲಿಆಂಪಿಯರ್ ಅಂತ ಲೆಕ್ಕ ಹಿಡಿಯಿರಿ, 118ಕ್ಕೆ ಸುಮಾರು 7 ಆಂಪಿಯರ್. 5 ವೋಲ್ಟ್ 10 ಆಂಪಿಯರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಸಾಕು. ಒಂದೇ ಕಡೆಯಿಂದ ಕರೆಂಟ್ ಕೊಟ್ಟರೆ ಕೊನೆಯ ದೀಪಗಳಿಗೆ ವೋಲ್ಟೇಜ್ ಇಳಿದು ಬಿಳಿ ಹೋಗಿ ಕೆಂಪಗಾಗುತ್ತದೆ, ಅದಕ್ಕೆ ಪ್ರತಿ 50 ದೀಪಕ್ಕೊಮ್ಮೆ ದಪ್ಪ ವೈರಿನಲ್ಲಿ ಮತ್ತೆ ಕೊಡಿ. ದೀಪಗಳಿಗೆ ಬಣ್ಣ ಹೇಳುವ ಪ್ರೋಗ್ರಾಮಿಗೆ ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಬೋರ್ಡ್ ಸಾಕು, ಅದು 5 ವೋಲ್ಟಿನದಾದ್ದರಿಂದ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ತಲೆನೋವಿಲ್ಲ. ಡೇಟಾ ವೈರಿಗೆ 470 ಓಮ್ ರೆಸಿಸ್ಟರ್, ಪವರ್ ಬರುವ ಕಡೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ನ್ಯಾನೊದ ಗ್ರೌಂಡ್ ಮತ್ತು ಎಸ್‌ಎಂಪಿಎಸ್ ಗ್ರೌಂಡ್ ಒಂದೇ ಆಗಿರಬೇಕು. ಎಸ್‌ಎಂಪಿಎಸ್‌ನ 230 ವೋಲ್ಟಿನ ಕಡೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಡಬ್ಬಿಯಲ್ಲಿ ಮುಚ್ಚಿ, ಗೋಡೆಯ ಮೇಲುಗಡೆ ಕೂರಿಸಿ.

ಪ್ರೋಗ್ರಾಮಿನಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು "ಕುಟುಂಬ" ಬಟನ್. ಒಂದು ಧಾತುವನ್ನು ಆರಿಸಿಕೊಂಡು ಒತ್ತಿದರೆ ಅದರ ಕಂಬ ಪೂರ್ತಿ ಉರಿಯಬೇಕು. ಕಂಬಗಳ ಪಟ್ಟಿ ಬರೆಯಬೇಕಾಗಿಯೇ ಇಲ್ಲ, ಕೂಡುತ್ತಾ ಹೋದರೆ ಸಾಕು. ಲೀಥಿಯಂ 3, ಅದಕ್ಕೆ 8 ಸೇರಿಸಿ 11 ಸೋಡಿಯಂ, 8 ಸೇರಿಸಿ 19 ಪೊಟ್ಯಾಸಿಯಂ, 18 ಸೇರಿಸಿ 37 ರುಬಿಡಿಯಂ, 18 ಸೇರಿಸಿ 55 ಸೀಸಿಯಂ, 32 ಸೇರಿಸಿ 87 ಫ್ರಾನ್ಸಿಯಂ. ಬಲಗಡೆಯವರಿಗೆ ನೆಗೆತ ಒಂದು ಹೆಜ್ಜೆ ಮೊದಲೇ ದೊಡ್ಡದಾಗುತ್ತದೆ. ಫ್ಲೋರಿನ್ 9, ಕ್ಲೋರಿನ್ 17, ಆಮೇಲೆ 18 ಸೇರಿ ಬ್ರೋಮಿನ್ 35, ಅಯೋಡಿನ್ 53, 32 ಸೇರಿ ಅಸ್ಟಟೀನ್ 85. ಯಾಕೆಂದರೆ ಕ್ಲೋರಿನ್‌ನಿಂದ ಬ್ರೋಮಿನ್‌ಗೆ ಹೋಗುವಷ್ಟರಲ್ಲಿ ಡಿಯ ಹತ್ತು ಮನೆ ದಾಟಬೇಕು.

ಇನ್ನೊಂದು ಬಟನ್ "1869". ಆ ವರ್ಷದ ಮಾರ್ಚಿನಲ್ಲಿ ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ ತನ್ನ ಮೊದಲ ಕೋಷ್ಟಕ ಅಚ್ಚು ಹಾಕಿಸಿದಾಗ ಅದರಲ್ಲಿ 63 ಧಾತು ಇದ್ದವು. ಅಷ್ಟನ್ನೇ ಉರಿಸುವುದು. ಬರೆಯಲು ಕೂತರೆ 62 ಮಾತ್ರ ಸಿಗುತ್ತವೆ. ಉಳಿದ ಒಂದು ಡೈಡಿಮಿಯಂ. ಅದು ಒಂದಲ್ಲ, ಎರಡು ಧಾತು ಬೆರೆತದ್ದು ಅಂತ 1885ರಲ್ಲಿ ಆಯುವರ್ ಫಾನ್ ವೆಲ್ಸ್‌ಬಾಕ್ ಬಿಡಿಸಿ ತೋರಿಸಿದ, ಪ್ರಸಿಯೋಡಿಮಿಯಂ ಮತ್ತು ನಿಯೋಡಿಮಿಯಂ. ಹಾಗಾಗಿ 59 ಮತ್ತು 60ನ್ನು ಅರ್ಧ ಬೆಳಕಿನಲ್ಲಿ ಉರಿಸುತ್ತೇನೆ. ಈ ಬಟನ್ ಒತ್ತಿದಾಗ ಕತ್ತಲಾಗುವ ಮನೆಗಳೇ ನೋಡಬೇಕಾದವು. ಹದಿನೆಂಟನೇ ಕಂಬ ಪೂರ್ತಿ ಕತ್ತಲು. ಹೀಲಿಯಂ ಕೂಡ. ವಿಚಿತ್ರ ಅಂದರೆ ಅದರ ಹಿಂದಿನ ವರ್ಷವೇ, 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಲ್ಲಿ, ಗುಂಟೂರಿನಲ್ಲಿ ಫ್ರೆಂಚ್ ಖಗೋಳಶಾಸ್ತ್ರಜ್ಞ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು, ಅದನ್ನು ಬಣ್ಣಗಳಾಗಿ ಬಿಡಿಸುವ ಸ್ಪೆಕ್ಟ್ರೋಸ್ಕೋಪಿನಲ್ಲಿ ನೋಡಿದ್ದರು. ಆ ಬೆಳಕಿನ ಹಳದಿ ಗೆರೆ ಹೀಲಿಯಂನದು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ಬ್ರಿಟಿಷ್ ರಸಾಯನಶಾಸ್ತ್ರಜ್ಞ ರಾಮ್ಸೆಗೆ. ಒಂದು ಕುಟುಂಬಕ್ಕೆ ಕುಟುಂಬವೇ ಆಮೇಲೆ ಪತ್ತೆಯಾಗಿ ಬಂದರೂ ಕೋಷ್ಟಕ ಕೆಡಲಿಲ್ಲ, ಪಕ್ಕದಲ್ಲಿ ಇನ್ನೊಂದು ಕಂಬ ನಿಲ್ಲಿಸಿದರು ಅಷ್ಟೆ.

ನೋಡಬೇಕಾದ ಬೇರೆ ಕತ್ತಲ ಮನೆಗಳು 21, 31, 32: ಸ್ಕ್ಯಾಂಡಿಯಂ, ಗ್ಯಾಲಿಯಂ, ಜರ್ಮೇನಿಯಂ. ಇವುಗಳ ಜಾಗದಲ್ಲಿ ಮೆಂಡಲೀವ್ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪರಮಾಣು ತೂಕ ಬರೆದಿದ್ದ, 45, 68, 70 ಅಂತ. ಸ್ಕ್ಯಾಂಡಿಯಂ 1879ರಲ್ಲಿ ಬಂತು, ತೂಕ 44.96. ಜರ್ಮೇನಿಯಂ 1886ರಲ್ಲಿ, 72.63. ಗ್ಯಾಲಿಯಂ ಎಲ್ಲಕ್ಕಿಂತ ಮೊದಲು, 1875ರಲ್ಲಿ, 69.72. ಗ್ಯಾಲಿಯಂ ಬಗ್ಗೆ ಮೆಂಡಲೀವ್ ಸಾಂದ್ರತೆಯನ್ನೂ ಮೊದಲೇ ಹೇಳಿದ್ದ, ಸುಮಾರು 5.9. ಕಂಡುಹಿಡಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಕಾಕ್ ದ ಬ್ವಾಬೋದ್ರಾನ್‌ಗೆ ಮೊದಲು ಸಿಕ್ಕ ಉತ್ತರ 4.7. ಆ ಲೋಹವನ್ನು ಕಣ್ಣಿಂದಲೂ ನೋಡಿರದ ಮೆಂಡಲೀವ್, ಇನ್ನಷ್ಟು ಶುದ್ಧ ಮಾಡಿ ಮತ್ತೆ ಅಳೆಯಿರಿ ಅಂದ. ಅಳೆದರು, 5.9 ಬಂತು.

ಇದನ್ನು ನಾವೂ ಮಾಡಿ ನೋಡಬಹುದು. ಆನ್‌ಲೈನಿನಲ್ಲಿ 20 ಗ್ರಾಂ ಗ್ಯಾಲಿಯಂ ಸಿಗುತ್ತದೆ. ಗಟ್ಟಿ ತುಂಡನ್ನು ಚಿನ್ನದಂಗಡಿಯವರು ಬಳಸುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, 10 ಮಿ.ಲೀ. ಅಳತೆ ಜಾಡಿಯಲ್ಲಿ ತಣ್ಣನೆ ನೀರಿಗೆ ನಿಧಾನಕ್ಕೆ ಬಿಡಿ. ನೀರು ತಣ್ಣಗಿರಲೇಬೇಕು, ಗ್ಯಾಲಿಯಂ 29.76 ಡಿಗ್ರಿಗೇ ಕರಗುತ್ತದೆ, ಕರಗಿದರೆ ಗಾಜಿಗೆ ಅಂಟಿಕೊಂಡು ಕನ್ನಡಿಯ ಹಾಗಾಗುತ್ತದೆ. ನೀರು ಸುಮಾರು 3.4 ಮಿ.ಲೀ. ಏರುತ್ತದೆ. 20ನ್ನು 3.4ರಿಂದ ಭಾಗಿಸಿ. ನನಗೆ ಬಂದದ್ದು 5.8ಕ್ಕೂ 6ಕ್ಕೂ ಮಧ್ಯೆ, ಈ ಜಾಡಿಯ ಗೆರೆಗಳಲ್ಲಿ ಅದಕ್ಕಿಂತ ನಿಖರ ಬರುವುದಿಲ್ಲ. ಆದರೂ 4.7 ಅಲ್ಲ ಅಂತ ಹೇಳಲು ಧಾರಾಳ ಸಾಕು. ಲ್ಯಾಬಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ಇದನ್ನು ಮಾಡಿದಾಗ ಒಬ್ಬ ಹುಡುಗಿ "ನೋಡದೇ ಹೆಂಗೆ ಹೇಳಿದ್ರು ಸಾರ್?" ಅಂದಳು. ಮೇಲೆ ಅಲ್ಯೂಮಿನಿಯಂ, ಕೆಳಗೆ ಇಂಡಿಯಂ, ಎಡಕ್ಕೆ ಸತು, ಸುತ್ತ ಇರುವವರ ಗುಣ ನೋಡಿ ಮಧ್ಯದವನ ಗುಣ ಅಂದಾಜು ಮಾಡಿದ್ದು ಅಂತ ಆ ಮನೆಗಳನ್ನೇ ಬೆರಳಿಟ್ಟು ತೋರಿಸಿದೆ.

ಅದೇ ಮನೆ ಕೂರಿಸುವಾಗ ಒಂದು ಎಚ್ಚರಿಕೆ. ಗ್ಯಾಲಿಯಂನ ನೇರ ಮೇಲಿನ ಮನೆ ಅಲ್ಯೂಮಿನಿಯಂ. ಕರಗಿದ ಗ್ಯಾಲಿಯಂ ಅಲ್ಯೂಮಿನಿಯಂಗೆ ತಾಗಿದರೆ ಅದರ ಕಣಕಣದ ಮಧ್ಯೆ ಇಳಿದು ಲೋಹವನ್ನು ಬಿಸ್ಕತ್ತಿನಂತೆ ಪುಡಿಯಾಗುವಷ್ಟು ದುರ್ಬಲ ಮಾಡುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಅದು ತಾನಾಗಿ ಕರಗುವುದು ಖಂಡಿತ. ಗಾಜಿನ ಶೀಷೆ ಬೇಡ, ಗಟ್ಟಿಯಾಗುವಾಗ ಅದು ನೀರಿನ ಹಾಗೆ ಹಿಗ್ಗುತ್ತದೆ, ಶೀಷೆ ಒಡೆಯಬಹುದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ವಲ್ಪ ಜಾಗ ಬಿಟ್ಟು ಹಾಕಿ, ಬಿರಡೆ ಸುತ್ತ ಸೀಲ್ ಮಾಡಿ. ಮೇಲಿನ ಮನೆಯಲ್ಲಿ ಹಳೇ 5 ಪೈಸೆ ನಾಣ್ಯ ಇಟ್ಟಿದ್ದೇನೆ.

ಸ್ಯಾಂಪಲ್ ಹುಡುಕುವುದೇ ಒಂದು ಪಾಠ. ನಡುವಿನ ಕಂಬಗಳು ಗುಜರಿಯಲ್ಲೇ ತುಂಬುತ್ತವೆ. ಕಬ್ಬಿಣಕ್ಕೆ ಮೊಳೆ, ತಾಮ್ರಕ್ಕೆ ವೈಂಡಿಂಗ್ ತಂತಿ, ತವರಕ್ಕೆ ಕಲಾಯಿ ಹಾಕುವವರ ಹತ್ತಿರ ಒಂದು ತುಂಡು. ನಿಕ್ಕಲ್‌ಗೆ 1962ರಿಂದ 1974ರ ನಡುವಿನ ಒಂದು ರೂಪಾಯಿ ನಾಣ್ಯ, 28 ಮಿ.ಮೀ. ಅಗಲ, ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟುತ್ತದೆ. 1975ರ ನಂತರದ ತಾಮ್ರ ಬೆರೆತ ರೂಪಾಯಿ ಅಂಟುವುದಿಲ್ಲ. ಸಾಧಾರಣ ಟಾರ್ಚ್ ಸೆಲ್ ಒಂದನ್ನು ಬಿಚ್ಚಿದರೆ ಮೂರು ಮನೆ ತುಂಬುತ್ತದೆ, ಹೊರಗಿನ ಡಬ್ಬಿ ಸತು, ನಡುವಿನ ಕಡ್ಡಿ ಇಂಗಾಲ, ಕಪ್ಪು ಪುಡಿಯಲ್ಲಿ ಮ್ಯಾಂಗನೀಸ್. ಆಲ್ಕಲೈನ್ ಸೆಲ್ ಮಾತ್ರ ಬಿಚ್ಚಬೇಡಿ, ಒಳಗಿನ ಕ್ಷಾರ ಕೈ ಸುಡುತ್ತದೆ. ಟಂಗ್‌ಸ್ಟನ್‌ಗೆ ಟಿಗ್ ವೆಲ್ಡಿಂಗ್ ಕಡ್ಡಿ, ಹಸಿರು ತುದಿಯದು. ಕೆಂಪು ತುದಿಯದರಲ್ಲಿ ಥೋರಿಯಂ ಇರುತ್ತದೆ, ಅದು ಬೇಡ. ಸಿಗರೇಟ್ ಲೈಟರಿನ ಕಲ್ಲು ಸೀರಿಯಂ, ಹಾಳಾದ ಹಾರ್ಡ್ ಡಿಸ್ಕಿನ ಅಯಸ್ಕಾಂತ ನಿಯೋಡಿಮಿಯಂ, ಬೆಂಕಿಪೊಟ್ಟಣದ ಗೀರುವ ಪಟ್ಟಿ ರಂಜಕ.

ಎಡಗಡೆಯ ಮೊದಲ ಕಂಬಕ್ಕೆ ಬಂದರೆ ಒಂದೂ ಲೋಹವಾಗಿ ಇಡಲು ಆಗುವುದಿಲ್ಲ. ಒಂದೇ ಎಲೆಕ್ಟ್ರಾನ್, ಅದನ್ನು ಕೊಟ್ಟುಬಿಡುವ ಆತುರ. ಉಪ್ಪಿನ ಹರಳು, ಪೊಟ್ಯಾಸಿಯಂ ಪರ್ಮಾಂಗನೇಟ್ ಹೀಗೆ ಸಂಯುಕ್ತಗಳನ್ನೇ ಇಡಬೇಕು. ಬಲಗಡೆಯ ಕೊನೇ ಕಂಬ ಇದಕ್ಕೆ ತದ್ವಿರುದ್ಧ, ಸಂಯುಕ್ತವಾಗಿ ನಮ್ಮಂಥವರಿಗೆ ಸಿಗುವುದೇ ಇಲ್ಲ, ಗಾಜಿನೊಳಗಿನ ಗಾಳಿಯಾಗಿ ಮಾತ್ರ. ಲೈನ್ ಟೆಸ್ಟರಿನ ಒಳಗಿನ ಪುಟ್ಟ ದೀಪ ನಿಯಾನ್. ಆರ್ಗಾನ್ ವೆಲ್ಡಿಂಗ್ ಅಂಗಡಿಯವರ ಸಿಲಿಂಡರಿನಿಂದ ಒಂದು ಶೀಷೆಗೆ. ಕ್ಸೆನಾನ್ ಹಳೇ ರೀಲ್ ಕ್ಯಾಮೆರಾದ ಫ್ಲಾಶ್ ಟ್ಯೂಬು. ಕ್ಯಾಮೆರಾ ಬಿಚ್ಚುವ ಮೊದಲು ಅದರ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ.

ನನಗೆ ಅತಿ ಇಷ್ಟವಾದದ್ದು ಹದಿನೇಳನೇ ಕಂಬ. ದಿನಬಳಕೆಯ ಸಾಮಾನಿನಲ್ಲೇ ಅದರ ನಾಲ್ಕು ಮನೆ ತುಂಬುತ್ತವೆ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಫ್ಲೋರಿನ್. ಕೆಳಗೆ ಪಿವಿಸಿ ಪೈಪಿನ ಬಳೆಯಂಥ ತುಂಡು, ಪಿವಿಸಿ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇಕಡಾ 57, ಕ್ಲೋರಿನ್. ಬ್ಲೀಚಿಂಗ್ ಪೌಡರ್ ಇಟ್ಟರೆ ಅದರ ಆವಿಗೆ ಅಕ್ಕಪಕ್ಕದ ಲೋಹಗಳೆಲ್ಲ ತುಕ್ಕು ಹಿಡಿಯುತ್ತವೆ, ಪೈಪು ವರ್ಷಗಟ್ಟಲೆ ಸುಮ್ಮನಿರುತ್ತದೆ. ಅದರ ಕೆಳಗೆ ಹಳೇ ರೇಡಿಯೋದ ಹಸಿರು ಸರ್ಕ್ಯೂಟ್ ಬೋರ್ಡ್, ಬೆಂಕಿ ಹತ್ತದಿರಲಿ ಅಂತ ಅದರ ರಾಳಕ್ಕೆ ಬ್ರೋಮಿನ್ ಸೇರಿಸಿರುತ್ತಾರೆ. ಅದರ ಕೆಳಗೆ ಮೆಡಿಕಲ್ ಶಾಪಿನ ಪೊವಿಡೋನ್ ಅಯೋಡಿನ್. ನಾಲ್ಕಕ್ಕೂ ಹೊರ ಕವಚದಲ್ಲಿ ಒಂದು ಎಲೆಕ್ಟ್ರಾನ್ ಕಮ್ಮಿ, ಅದಕ್ಕೇ ಇಂಗಾಲದಂಥವರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಕೆಳಗೆ ಹೋದಂತೆ ಹಿಡಿತ ಸಡಿಲ. ಟೆಫ್ಲಾನ್ ಯಾವ ಆಸಿಡ್‌ಗೂ ಬಗ್ಗುವುದಿಲ್ಲ. ಪೊವಿಡೋನ್‌ನಲ್ಲಿ ಮಾತ್ರ ಅಯೋಡಿನ್ ಇಂಗಾಲಕ್ಕೆ ಕಟ್ಟಿಕೊಂಡಿರುವುದಿಲ್ಲ, ಸಡಿಲವಾಗಿ ಕೂತಿರುತ್ತದೆ, ಗಾಯದ ಮೇಲೆ ನಿಧಾನಕ್ಕೆ ಬಿಡುಗಡೆಯಾಗುತ್ತದೆ.

ಪಾದರಸ, ಆರ್ಸೆನಿಕ್, ಥ್ಯಾಲಿಯಂ, ಕ್ಯಾಡ್ಮಿಯಂ, ಬೆರಿಲಿಯಂ ಮತ್ತು ವಿಕಿರಣ ಸೂಸುವ ಎಲ್ಲದಕ್ಕೂ ಫೋಟೋ ಮಾತ್ರ. ಶಾಲೆಯ ಗೋಡೆ ಇದು.

ಅಕ್ಕನ ಮಗಳು ಇದನ್ನೆಲ್ಲ ನೋಡಿ, "ಮಾಮ, ತೂಕದ ಪ್ರಕಾರ ಜೋಡಿಸಿದ್ರೂ ಹಿಂಗೇ ಬರುತ್ತಲ್ವಾ?" ಅಂದಳು. ಹೆಚ್ಚು ಕಮ್ಮಿ ಹಾಗೇ ಬರುತ್ತದೆ, ಪೂರ್ತಿ ಅಲ್ಲ. ಅವಳಿಗೋಸ್ಕರ ಮೂರನೇ ಬಟನ್: ದೀಪ ಪರಮಾಣು ತೂಕದ ಕ್ರಮದಲ್ಲಿ ಓಡುತ್ತದೆ. ಆರ್ಗಾನ್ (39.95) ಹತ್ತಿರ ಬಂದಾಗ ಮೊದಲು ಪೊಟ್ಯಾಸಿಯಂಗೆ (39.10) ಹೋಗಿ ಆಮೇಲೆ ಹಿಂದಕ್ಕೆ ಬರುತ್ತದೆ. ಕೋಬಾಲ್ಟ್ (58.93) ಬಿಟ್ಟು ನಿಕ್ಕಲ್ (58.69) ಮೊದಲು. ಟೆಲ್ಯುರಿಯಂಗಿಂತ (127.60) ಅಯೋಡಿನ್ (126.90) ಮೊದಲು. ತೂಕವನ್ನೇ ನಂಬಿದ್ದರೆ ನೀರಿಗೆ ಹಾಕಿದರೆ ಉರಿಯುವ ಪೊಟ್ಯಾಸಿಯಂ ಜಡ ಅನಿಲಗಳ ಕಂಬಕ್ಕೆ ಹೋಗುತ್ತಿತ್ತು. ಮೆಂಡಲೀವ್ ಗುಣ ನೋಡಿ ಟೆಲ್ಯುರಿಯಂ, ಅಯೋಡಿನ್ ಜಾಗವನ್ನು ಅದಲು ಬದಲು ಮಾಡಿ ಇಟ್ಟಿದ್ದ, ತೂಕದ ಅಳತೆಯೇ ತಪ್ಪಿರಬೇಕು ಅಂದುಕೊಂಡು. ತೂಕ ಸರಿಯಾಗಿಯೇ ಇತ್ತು. ಎಣಿಸಬೇಕಾದ್ದು ತೂಕವನ್ನಲ್ಲ, ನ್ಯೂಕ್ಲಿಯಸ್ಸಿನ ಚಾರ್ಜನ್ನು ಅಂತ ಎಕ್ಸ್‌ರೇ ಅಳೆದು 1913ರಲ್ಲಿ ತೋರಿಸಿದವನು ಇಂಗ್ಲಿಷ್ ಭೌತಶಾಸ್ತ್ರಜ್ಞ ಹೆನ್ರಿ ಮೋಸ್ಲಿ. ಎರಡು ವರ್ಷದ ನಂತರ, 27ನೇ ವಯಸ್ಸಿಗೆ, ಮೊದಲ ಮಹಾಯುದ್ಧದ ಗಲಿಪೊಲಿ ಕಾಳಗದಲ್ಲಿ ಸತ್ತ. ಅವನ ಫೋಟೋ ಮೇಲಿನ ಕಿಟಕಿಯಲ್ಲಿ ಮೆಂಡಲೀವ್ ಪಕ್ಕ ಹಾಕಿದ್ದೇನೆ, ಒಂದೇ ಸೈಜಿನಲ್ಲಿ.

ತೂಗು ಹಾಕುವಾಗ ಎರಡು ಮೊಳೆ ಸಾಲದು. ಗೋಡೆಗೆ ಮರದ ಓರೆ ಪಟ್ಟಿ ಹೊಡೆದು ಅದರ ಮೇಲೆ ಹಲಗೆಯ ಓರೆ ಪಟ್ಟಿ ಕೂರಿಸಿ, ಆಗ ಎತ್ತಿ ತಿರುಗಿಸಿ ಹಿಂಭಾಗ ತೋರಿಸುವುದೂ ಸುಲಭ. ಅಕ್ರಿಲಿಕ್ ಶೀಟನ್ನು ಅಂಟಿಸದೆ ಸ್ಕ್ರೂ ಹಾಕಿ, ಸ್ಯಾಂಪಲ್ ಬದಲಿಸಬೇಕಾಗುತ್ತದೆ.

ಏಳನೇ ಸಾಲು 118ಕ್ಕೆ ತುಂಬಿದೆ, ಕೊನೆಯ ನಾಲ್ಕು ಹೆಸರು ಅಧಿಕೃತವಾದದ್ದು 2016ರ ನವೆಂಬರಿನಲ್ಲಿ. ಮುಂದಿನದು ಯಾರಾದರೂ ಮಾಡಿದರೆ ಅದು ಫ್ರಾನ್ಸಿಯಂ ಕೆಳಗೆ ಎಂಟನೇ ಸಾಲು ಶುರು ಮಾಡಬೇಕು. ಹತ್ತು ಸಾಲು ಮಾಡಿಸಿದ್ದೂ ಅದಕ್ಕೇ, ಏಳಕ್ಕೂ ಎಫ್ ಸಾಲುಗಳಿಗೂ ಮಧ್ಯೆ ಒಂದು ಸಾಲು ಪೂರ್ತಿ ಖಾಲಿ ಇದೆ. ಅದರ ಮೊದಲ ಮನೆಗೆ 12 ಮಿ.ಮೀ. ತೂತು ಹೊಡೆಸಿದ್ದೇನೆ, ಒಗನೆಸ್ಸಾನ್ ದೀಪದ ಡೇಟಾ ವೈರನ್ನು ಕತ್ತರಿಸದೆ ಉದ್ದಕ್ಕೆ ಅಲ್ಲಿಯವರೆಗೆ ತಂದು ಟೇಪು ಸುತ್ತಿದ್ದೇನೆ, ಪ್ರೋಗ್ರಾಮಿನಲ್ಲಿ ಒಟ್ಟು ಸಂಖ್ಯೆ ಒಂದೇ ಕಡೆ ಬರೆದಿದೆ. ಮಿಕ್ಕ 32 ದೀಪ ಲ್ಯಾಬಿನ ಬೀರುವಿನಲ್ಲಿವೆ.